ಬಡವರ ಬಿಡಾರಗಳಿಗೆ ಬೆಳಕು ತಂದ ಆಕ್ಟೇವಿಯಾ ಹಿಲ್

ಮಹಾನಗರಗಳಲ್ಲಿ ಬಾಳುವೆ ನಡೆಸುವ ನಮಗೆ ತಲೆಯ ಮೇಲೊಂದು ಸೂರು ದೊರೆಯುವುದು ಎಷ್ಟು ದುಸ್ತರವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ನಲ್ಲಿಯ ಮುಂದೆ ಸಾಲುಗಟ್ಟಿದ ಕೊಡಗಳನ್ನೂ ಒಂದೇ ಖೋಲಿಯಲ್ಲಿ ಅಡಕವಾದ ಸಂಸಾರಗಳನ್ನೂ ನಾವು ಕಂಡವರೇ. ಇಂಥದೇ ಬವಣೆಯ ನಿವಾರಣೆಗಾಗಿ ನೂರೈವತ್ತು ವರ್ಷಗಳಿಗೂ ಹಿಂದೆ ಲಂಡನ್ ನಗರದಲ್ಲಿ ತನ್ನ ಆಯುಷ್ಯವನ್ನೇ ಸವೆಸಿದ ಆಕ್ಟೇವಿಯಾ ಹಿಲ್ ಎಂಬಾಕೆಯ ಚರಿತ್ರೆಯು ನಮಗೆ ದೂರದ ಕಥೆಯೆನಿಸಲಾರದು.

ಆಕೆ ಹುಟ್ಟಿದುದು 1838ರ ಡಿಸೆಂಬರ್ 3ರಂದು, ಇಂಗ್ಲೆಂಡಿನ ವಿಸ್‌ಬೀಚ್ ಎಂಬ ಊರಿನಲ್ಲಿ. ಧಾನ್ಯದ ವ್ಯಾಪಾರಿಯಾಗಿದ್ದ ತಂದೆಯು ದಿವಾಳಿಯಾಗಿ ಮನೋವ್ಯಾಧಿಗೆ ತುತ್ತಾದಾಗ ಸಂಸಾರದ ಭಾರವು ತಾಯಿಯ ಮೇಲೆ ಬಿದ್ದಿತು. ಜನಾರೋಗ್ಯಕ್ಕಾಗಿ ಹೋರಾಡಿ ಹೆಸರಾಗಿದ್ದ ತಾಯಿಯ ತಂದೆ ಡಾಕ್ಟರ್ ಸೌತ್‌ವುಡ್ ಸ್ಮಿತ್ ಅವರಿಗೆ ಆಸರೆಯಾದರು. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿಯೇ ಆಕ್ಟೇವಿಯಾಳಿಗೆ ಬೊಂಬೆಗಳನ್ನು ತಯಾರಿಸುವ ಬಡ ಬಾಲಕಿಯರ ಮೇಲ್ವಿಚಾರಣೆ ಒದಗಿತು. ಆ ಮಕ್ಕಳ ಮನೆಗಳ ಕತ್ತಲೆ, ಕೊಳಕು, ಇಕ್ಕಟ್ಟುಗಳು ಆಕೆಯ ಮನಸ್ಸಿನಲ್ಲಿ ಅಚ್ಚೊತ್ತಿದುವು.

ಪ್ರಸಿದ್ಧ ಲೇಖಕ ಜಾನ್ ರಸ್ಕಿನ್ನರಿಗಾಗಿ ಆಕೆ ಚಿತ್ರಗಳ ಪ್ರತಿ ತೆಗೆದುಕೊಡುತ್ತಿದ್ದಳು. ತಂದೆಯ ಆಸ್ತಿ ಕೈಗೆ ಬಂದ ಬಳಿಕ ರಸ್ಕಿನ್ನರು 1865ರಲ್ಲಿ ಮೇರಿಲೆಬೋನ್ ಭಾಗದ ಪ್ಯಾರಡೈಸ್ ಪ್ಲೇಸ್ ಎಂಬಲ್ಲಿ ಮೂರು ಮನೆಗಳನ್ನು 750 ಪೌಂಡುಗಳಿಗೆ ಗೇಣಿಗೆ ಕೊಂಡು ಆಕೆಯ ವಶಕ್ಕೆ ಒಪ್ಪಿಸಿದರು. ಹಾಕಿದ ಹಣಕ್ಕೆ ಶೇಕಡಾ 5ರಷ್ಟು ಆದಾಯ ಬರಬೇಕೆಂಬುದು ಅವರ ಎಣಿಕೆ. ದಾನದಿಂದ ನಡೆಯುವ ಕಾರ್ಯವು ದಾನಿಯ ಉತ್ಸಾಹದೊಡನೆ ಬತ್ತುವುದು. ತನ್ನ ವೆಚ್ಚವನ್ನು ತಾನೇ ಹುಟ್ಟಿಸಿಕೊಳ್ಳುವ ಕಾರ್ಯವನ್ನು ಕಂಡು ಇತರರೂ ಹಣ ಹೂಡಲು ಮುಂದೆ ಬರುವರು. ಈ ಲೆಕ್ಕಾಚಾರವು ಸುಳ್ಳಾಗಲಿಲ್ಲ.

ಸ್ವರ್ಗದ ಹೆಸರನ್ನು ಹೊತ್ತಿದ್ದರೂ ಆ ಮನೆಗಳು ನರಕವೇ ಆಗಿದ್ದುವು. ಆಕೆ ಮೊದಲು ಚರಂಡಿಗಳನ್ನು ಸರಿಪಡಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಕಿಟಕಿಗಳನ್ನು ದುರಸ್ತಿ ಮಾಡಿಸಿದಳು. ವಾರವಾರವೂ ತಾನೇ ಬಾಗಿಲಿಗೆ ಹೋಗಿ ಬಾಡಿಗೆಯನ್ನು ವಸೂಲು ಮಾಡಿದಳು. ಬಾಡಿಗೆಯ ನೆಪದಿಂದ ನಡೆದ ಈ ಭೇಟಿಗಳಲ್ಲಿ ಕಾಯಿಲೆ, ನಿರುದ್ಯೋಗ, ಮಕ್ಕಳ ಶಿಕ್ಷಣ, ಎಲ್ಲವೂ ಆಕೆಯ ಗಮನಕ್ಕೆ ಬರುತ್ತಿದ್ದುವು. ಕೆಲಸವಿಲ್ಲದ ಬಾಡಿಗೆದಾರರಿಗೆ ಮನೆಗಳ ದುರಸ್ತಿಯ ಕೆಲಸವನ್ನೇ ಕೊಡುತ್ತಿದ್ದಳು. ಶೇಕಡಾ 5ನ್ನು ಮೀರಿ ಉಳಿದ ಹಣವು ಅದೇ ಮನೆಗಳ ಸುಧಾರಣೆಗೆ ವಿನಿಯೋಗವಾಗುತ್ತಿತ್ತು. 1866ರಲ್ಲಿ ಫ್ರೆಶ್‌ವಾಟರ್ ಪ್ಲೇಸಿನ ಮನೆಗಳು ಸೇರಿದಾಗ ಮಕ್ಕಳಿಗೊಂದು ಆಟದ ಬಯಲೂ ಸಿದ್ಧವಾಯಿತು. 1874ರ ಹೊತ್ತಿಗೆ ಇಂಥ ಹದಿನೈದು ವಸತಿಗಳಲ್ಲಿ ಸುಮಾರು 3,000 ಮಂದಿ ನೆಲೆಸಿದ್ದರು.

ಇಷ್ಟೆಲ್ಲವನ್ನೂ ಒಬ್ಬಾಕೆ ನಡೆಸುವುದು ಸಾಧ್ಯವಿರಲಿಲ್ಲ. ಸ್ವಯಂಸೇವಕಿಯರ ಒಂದು ಪಡೆಯನ್ನೇ ಆಕೆ ಬೆಳೆಸಿದಳು. ಹಬ್ಬದ ದಿನ ಬಂದು ಸಿಹಿ ಹಂಚಿ ಹೋಗುವ ಸೇವೆ ಅದಾಗಿರಲಿಲ್ಲ. ಲೆಕ್ಕ ಬರೆಯುವುದು, ದುರಸ್ತಿಯನ್ನು ನೋಡಿಕೊಳ್ಳುವುದು, ಅದೇ ಮನೆಗಳಿಗೆ ವರ್ಷಗಟ್ಟಲೆ ತಪ್ಪದೆ ಹೋಗುವುದು, ಇದು ಅವರ ವ್ರತವಾಗಿತ್ತು. 1877ರಲ್ಲಿ ರಸ್ಕಿನ್ನರೊಡನೆ ವಿರಸವೂ ದುಡಿತದ ಆಯಾಸವೂ ಕೂಡಿ ಆಕೆಯ ಆರೋಗ್ಯವು ಕುಸಿದಾಗಲೂ ಈ ಪಡೆಯಿಂದಾಗಿ ಕಾರ್ಯವು ನಿಲ್ಲಲಿಲ್ಲ. 1884ರಲ್ಲಿ ಇಂಗ್ಲೆಂಡಿನ ಚರ್ಚಿನ ಆಸ್ತಿಪಾಲಕ ಮಂಡಲಿಯು ಸದರ್ಕ್ ಭಾಗದ ತನ್ನ ಮನೆಗಳನ್ನು ಆಕೆಗೆ ವಹಿಸಿತು. ಅಲ್ಲಿಯೇ 1887ರಲ್ಲಿ ರೆಡ್ ಕ್ರಾಸ್ ತೋಟವು ತಲೆಯೆತ್ತಿತು. ಬಡವನಿಗೆ ಗೋಡೆಯಷ್ಟೇ ಹಸಿರೂ ಅಗತ್ಯವೆಂಬ ಇದೇ ನಂಬಿಕೆಯಿಂದ ಆಕೆ 1895ರಲ್ಲಿ ನ್ಯಾಷನಲ್ ಟ್ರಸ್ಟಿನ ಸ್ಥಾಪಕರಲ್ಲಿ ಒಬ್ಬಳಾದಳು.

ಆಕೆಯ ಕೊರತೆಗಳನ್ನು ಮುಚ್ಚಿಡುವುದು ನಮಗೆ ಸಲ್ಲದು. ಬಾಡಿಗೆಯ ಬಾಕಿಯನ್ನು ಆಕೆ ಸಹಿಸುತ್ತಿರಲಿಲ್ಲ. ನಿಯಮಕ್ಕೆ ಒಗ್ಗದವರು ಮನೆ ಬಿಡಬೇಕಾಗುತ್ತಿತ್ತು. ಸರಕಾರವೂ ಪುರಸಭೆಗಳೂ ಮನೆ ಕಟ್ಟಿಸುವುದನ್ನು, ಮುದುಕರಿಗೆ ಪಿಂಚಣಿ ಕೊಡುವುದನ್ನು, ಸ್ತ್ರೀಯರಿಗೆ ಮತದಾನದ ಹಕ್ಕು ಬರುವುದನ್ನು ಆಕೆ ವಿರೋಧಿಸಿದಳು. ಕಾಲವು ಆಕೆಯ ಈ ಮಾತುಗಳನ್ನು ಒಪ್ಪಲಿಲ್ಲ. ಲಕ್ಷಾಂತರ ಜನರ ವಸತಿಯು ಸಜ್ಜನರ ಸೇವೆಯೊಂದರಿಂದಲೇ ಆಗುವಂಥದಲ್ಲವೆಂದು ಕಂಡು, 1919ರ ಬಳಿಕ ಬ್ರಿಟನ್ನಿನ ಪುರಸಭೆಗಳೇ ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟತೊಡಗಿದುವು.

ಆದರೂ ಆಕೆಯ ಪಾಠವು ಹಳತಾಗಿಲ್ಲ. ಮನೆ ಕಟ್ಟಿದೊಡನೆ ಕರ್ತವ್ಯ ಮುಗಿಯುವುದಿಲ್ಲ. ಚರಂಡಿ, ನೀರು, ಮೆಟ್ಟಿಲು, ನೆರೆಹೊರೆಗಳನ್ನು ದಿನವೂ ನೋಡಿಕೊಳ್ಳುವವರಿಲ್ಲದಿದ್ದರೆ ಹೊಸ ಕಟ್ಟಡವೂ ಕೆಲವೇ ವರ್ಷಗಳಲ್ಲಿ ಹಳೆಯ ಕೊಳಚೆಯಾಗುವುದು. ನಮ್ಮ ನಗರಗಳಲ್ಲಿಯೂ ಇದನ್ನು ನಾವು ಕಾಣುತ್ತಲೇ ಇದ್ದೇವೆ. ಆಕೆಯ ಪದ್ಧತಿಯು ಅಮೇರಿಕೆಯ ಫಿಲಡೆಲ್ಫಿಯಕ್ಕೂ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿಗೂ ಹಬ್ಬಿತು.

1912ರ ಆಗಸ್ಟ್ 13ರಂದು ಆಕೆ ತೀರಿಕೊಂಡಾಗ ಮಹಾಪುರುಷರ ಸಮಾಧಿಗಳಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸ್ಥಳ ಕೊಡಲು ಮುಂದಾದರು. ಆಕೆಯ ಇಚ್ಛೆಯನ್ನರಿತಿದ್ದ ಕುಟುಂಬದವರು ಅದನ್ನು ಒಲ್ಲದೆ ಕೆಂಟ್ ಪ್ರಾಂತದ ಕ್ರಾಕ್‌ಹ್ಯಾಮ್ ಹಿಲ್ ಎಂಬ ಹಳ್ಳಿಯಲ್ಲಿ ಮಣ್ಣುಮಾಡಿದರು. ಅನ್ಯರಿಗೆ ಮನೆ ಒದಗಿಸುವುದರಲ್ಲಿಯೇ ನಾಲ್ಕು ದಶಕಗಳಿಗೂ ಮೀರಿ ದುಡಿದ ಆಕೆಗೆ ಕಡೆಯ ನೆಲೆಯೂ ಆಡಂಬರವಿಲ್ಲದುದೇ ಒದಗಿತು.