ಇಂಜಿನಿನ ಬಡಿತವನ್ನು ಅಡಗಿಸಿದ ಥಾಮಸ್ ಮಿಡ್ಜ್‌ಲಿ

ಭಾರ ಹೊತ್ತು ಏರುದಾರಿ ಹತ್ತುವ ಮೋಟಾರಿನ ಇಂಜಿನಿನಿಂದ ಒಮ್ಮೊಮ್ಮೆ ಸುತ್ತಿಗೆಯಿಂದ ಕಬ್ಬಿಣವನ್ನು ಬಡಿದಂತಹ ಸದ್ದು ಕೇಳಿಬರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಚಾಲಕರು ಇದನ್ನು ನಾಕಿಂಗ್ ಎನ್ನುವರು. ಈ ಬಡಿತವನ್ನು ಅಡಗಿಸಿ ಜಗದ್ವಿಖ್ಯಾತನಾದ ಥಾಮಸ್ ಮಿಡ್ಜ್‌ಲಿಯ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮಿಡ್ಜ್‌ಲಿಯು 1889ನೆಯ ಇಸವಿ ಮೇ 18ರಂದು ಅಮೇರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಬೀವರ್ ಫಾಲ್ಸ್ ಎಂಬಲ್ಲಿ ಜನಿಸಿದನು. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಯಂತ್ರಶಾಸ್ತ್ರದ ಪದವಿ ಪಡೆದು, 1916ರಲ್ಲಿ ಡೇಟನ್ ನಗರದಲ್ಲಿದ್ದ ಚಾರ್ಲ್ಸ್ ಕೆಟರಿಂಗನ ಸಂಶೋಧನಾಲಯವನ್ನು ಸೇರಿದನು. ಮೋಟಾರಿಗೆ ವಿದ್ಯುತ್ ಸ್ಟಾರ್ಟರನ್ನು ನಿರ್ಮಿಸಿದವನು ಈ ಕೆಟರಿಂಗನೇ. ಅವನ ಬ್ಯಾಟರಿಯ ಕಿಡಿಯಿಂದಲೇ ಬಡಿತವುಂಟಾಗುವುದೆಂದು ಜನ ದೂರುತ್ತಿದ್ದರು. ನಿಜವೇನೆಂದು ಶೋಧಿಸುವ ಕೆಲಸ ಮಿಡ್ಜ್‌ಲಿಯ ಪಾಲಿಗೆ ಬಂದಿತು.

ಸಿಲಿಂಡರಿನಲ್ಲಿ ಪಿಸ್ಟನ್ ಮೇಲಕ್ಕೇರಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಅದು ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಕಿಡಿ ಹಾರಬೇಕು. ಜ್ವಾಲೆಯು ಕ್ರಮವಾಗಿ ಹರಡಿದರೆ ಇಂಜಿನು ನಯವಾಗಿ ನಡೆಯುವುದು. ಜ್ವಾಲೆ ತಲುಪುವ ಮುನ್ನವೇ ಉಳಿದ ಭಾಗವು ಒತ್ತಡ ಮತ್ತು ಕಾವಿನಿಂದ ಒಮ್ಮೆಲೇ ಸಿಡಿದರೆ ಅದೇ ಬಡಿತ. ಕಿಡಿಯನ್ನು ತಡಮಾಡಿದರೆ ಸದ್ದು ಅಡಗುವುದು, ಆದರೆ ಬಲವೂ ಕುಗ್ಗುವುದು. ಬಡಿತವು ಕಿಡಿಗೆ ಮುಂಚೆಯಲ್ಲ, ಅನಂತರವೇ ಹುಟ್ಟುವುದೆಂದೂ ದೋಷವಿರುವುದು ಇಂಧನದಲ್ಲೆಂದೂ ಮಿಡ್ಜ್‌ಲಿ ತೋರಿಸಿಕೊಟ್ಟನು.

ಆಮೇಲೆ ಆರಂಭವಾಯಿತು ಮದ್ದಿನ ಅನ್ವೇಷಣೆ. ಅಯೋಡಿನ್ ಫಲ ಕೊಟ್ಟರೂ ದುಬಾರಿಯಾಗಿತ್ತು. ಟೆಲೂರಿಯಮ್ಮಿನ ದುರ್ನಾತ ಸಹಿಸಲಸಾಧ್ಯವಾಗಿತ್ತು. 1921ರ ಡಿಸೆಂಬರ್ 9ರಂದು ಟೆಟ್ರಾಎಥಿಲ್ ಸೀಸವನ್ನು ಬೆರೆಸಲು ಬಡಿತ ನಿಂತುಹೋಯಿತು. ಸಾವಿರ ಭಾಗ ಪೆಟ್ರೋಲಿಗೆ ಒಂದು ಭಾಗಕ್ಕಿಂತಲೂ ಕಡಿಮೆ ಸಾಕಾಗಿತ್ತು. 1923ರ ಫೆಬ್ರವರಿಯಲ್ಲಿ ಡೇಟನ್ನಿನಲ್ಲಿ ಮಾರಾಟ ಮೊದಲಾಯಿತು. ಸೀಸದ ಹೆಸರನ್ನು ಮರೆಮಾಡಿ ಎಥಿಲ್ ಎಂದಷ್ಟೇ ಕರೆದರು.

ಸೀಸವು ವಿಷವೆಂಬುದು ಪ್ರಾಚೀನರಿಗೂ ತಿಳಿದಿತ್ತು. ಆ ವರ್ಷದ ಆದಿಯಲ್ಲಿ ಮಿಡ್ಜ್‌ಲಿಯೇ ಅದರಿಂದ ಅಸ್ವಸ್ಥನಾಗಿ ಫ್ಲಾರಿಡಾದಲ್ಲಿ ವಿಶ್ರಾಂತಿ ಪಡೆಯಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಕಾರ್ಖಾನೆಯ ಐವರು ಕೆಲಸಗಾರರು ಇದೇ ವಿಷದಿಂದ ಚಿತ್ತಭ್ರಮೆಗೊಂಡು ಮೃತರಾದರು. ಆದರೂ ಮಿಡ್ಜ್‌ಲಿಯು ಪತ್ರಿಕಾಕರ್ತರೆದುರು ಆ ದ್ರವದಿಂದ ಕೈ ತೊಳೆದು, ಅದರ ಆವಿಯನ್ನು ಮೂಸಿ, ಭಯವಿಲ್ಲವೆಂದು ಸಾರಿದನು. 1925ರಲ್ಲಿ ತಡೆಹಿಡಿಯಲ್ಪಟ್ಟ ಮಾರಾಟ ಮರುವರ್ಷ ಪುನಃ ಆರಂಭವಾಯಿತು. ಮದ್ಯಸಾರವೂ ಬಡಿತವನ್ನು ತಡೆಯುವುದೆಂದು ಅವನಿಗೆ ಗೊತ್ತಿತ್ತು, ಲಾಭವಿದ್ದುದು ಸೀಸದಲ್ಲಿ.

1928ರಲ್ಲಿ ಆತನು ಶೀತಕ ಯಂತ್ರಗಳಿಗಾಗಿ ಫ್ರಿಯಾನನ್ನು ಕಂಡುಹಿಡಿದನು. ಅಂತಹ ಅನಿಲಗಳು ಓಜೋನ್ ಪದರವನ್ನು ಕೆಡಿಸಬಲ್ಲವೆಂದು ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದರು. ಅದನ್ನು ಕೇಳಲು ಆತನಿರಲಿಲ್ಲ. 1940ರಲ್ಲಿ ಪೋಲಿಯೋ ತಗಲಿ ನಡೆಯಲಾರದಾದ ಆತನು ಹಾಸಿಗೆಯಿಂದ ಏಳಲು ಹಗ್ಗ ಮತ್ತು ರಾಟೆಗಳ ಸಾಧನವನ್ನು ತಾನೇ ನಿರ್ಮಿಸಿಕೊಂಡಿದ್ದನು. 1944ರ ನವೆಂಬರ್ 2ರಂದು ಅದೇ ಹಗ್ಗಕ್ಕೆ ಸಿಲುಕಿ ತನ್ನ 55ನೆಯ ವಯಸ್ಸಿನಲ್ಲಿ ಮೃತನಾದನು. ಆ ವರ್ಷ ಆತನು ಅಮೇರಿಕದ ರಸಾಯನ ಸಂಘದ ಅಧ್ಯಕ್ಷನಾಗಿದ್ದನು.

ಸೀಸವಿಲ್ಲದ ಪೆಟ್ರೋಲು 1995ರಲ್ಲಿ ಮುಂಬಯಿ, ದೆಹಲಿ, ಚೆನ್ನೈ, ಕಲ್ಕತ್ತಾಗಳಿಗೆ ಬಂದಿತು. 2000ದಲ್ಲಿ ಭಾರತದಾದ್ಯಂತ ಸೀಸವನ್ನು ಬೆರೆಸುವುದು ನಿಂತಿತು. ಜಗತ್ತಿನಲ್ಲಿ ಮೋಟಾರುಗಳಿಗೆ ಅದರ ಮಾರಾಟ ಕಟ್ಟಕಡೆಗೆ ನಿಂತುದು 2021ರಲ್ಲಿ, ಆಲ್ಜೀರಿಯಾದಲ್ಲಿ. ಈಗ ಟರ್ಬೋ ಅಳವಡಿಸಿ ಗಾಳಿಯನ್ನು ಹೆಚ್ಚು ಒತ್ತಿ ತುಂಬುವ ಮೋಟಾರುಗಳಲ್ಲಿ ಬಡಿತದ ಭಯ ಹೆಚ್ಚು. ಆದರೆ ಬಡಿತವನ್ನು ಗ್ರಹಿಸುವ ಸೆನ್ಸಾರ್ ಇರುವುದರಿಂದ ಕಂಪ್ಯೂಟರು ತಾನೇ ಕಿಡಿಯನ್ನು ತಡಮಾಡುವುದು. ಅಂದು ಬದಿಗಿಟ್ಟ ಮದ್ಯಸಾರವೇ ಇಂದು ಎಥೆನಾಲ್ ಎಂಬ ಹೆಸರಿನಿಂದ ನಮ್ಮ ಪೆಟ್ರೋಲಿನಲ್ಲಿ ಬೆರೆತಿದೆ.

ಮಿಡ್ಜ್‌ಲಿಯ ಬುದ್ಧಿಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿಷವೆಂದು ತಿಳಿದೂ ಮರೆಮಾಚಿದ ವಸ್ತುವಿನ ಬೆಲೆಯನ್ನು ಮೊದಲು ತೆತ್ತವರು ದಿನಗೂಲಿಗೆ ದುಡಿದವರು. ಅವನ ಚರಿತ್ರೆಯನ್ನು ಹೇಳುವಾಗ ಬೇವೇಯ ಆ ಐವರನ್ನೂ ಸ್ಮರಿಸುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.