ಮರದ ನೆರಳಿನ ನಾಟ್ಯಶಾಲೆ: ಶ್ರೀಮತಿ ರುಕ್ಮಿಣೀದೇವಿಯವರ ಜೀವನ

ಉತ್ಸವಮೂರ್ತಿಯು ಗುಡಿಯಿಂದ ಹೊರಟು ರಥಬೀದಿಗೆ ಬಂದಾಗ ಅದರ ಮುಂದೆ ದೇವದಾಸಿಯರು ನರ್ತಿಸುತ್ತಿದ್ದ ಕಾಲವೊಂದಿತ್ತು. ಆಕಾಶವೇ ಅದಕ್ಕೆ ಚಪ್ಪರ. ಊರಿನ ಒಕ್ಕಲಿಗನೂ ನೇಕಾರನೂ ಕಾಸು ಕೊಡದೆ ಆ ಕಲೆಯನ್ನು ಕಣ್ತುಂಬ ನೋಡಬಹುದಾಗಿತ್ತು. ಕಾಲ ಕಳೆದಂತೆ ಆ ಸ್ತ್ರೀಯರ ಬಾಳಿಗೆ ಕಳಂಕ ಹತ್ತಿತು. ಅವರ ಕಲೆಗೂ ಹತ್ತಿತು. ನಮ್ಮ ಮೈಸೂರು ಸಂಸ್ಥಾನವು 1909ರಲ್ಲಿಯೇ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮದರಾಸು ಪ್ರಾಂತದಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಹೋರಾಟ ಬಹುಕಾಲ ನಡೆದು, 1947ರಲ್ಲಿ ಕಾನೂನಾಯಿತು. ಪದ್ಧತಿ ಹೋದುದು ನ್ಯಾಯವೇ. ಅದರೊಡನೆ ಶತಮಾನಗಳ ವಿದ್ಯೆಯೂ ಹೋಗಬೇಕೇ ಎಂಬ ಪ್ರಶ್ನೆ ಉಳಿಯಿತು. ಆ ಪ್ರಶ್ನೆಗೆ ತಮ್ಮ ದೇಹವನ್ನೇ ಉತ್ತರವಾಗಿ ಒಡ್ಡಿದವರು ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್.

ಅವರು ಹುಟ್ಟಿದ್ದು 1904ರ ಫೆಬ್ರವರಿ 29ರಂದು, ಮಧುರೆಯಲ್ಲಿ. ತಂದೆ ನೀಲಕಂಠ ಶಾಸ್ತ್ರಿಗಳು ಇಂಜಿನಿಯರರು, ಥಿಯಾಸಫಿಯ ಅನುಯಾಯಿಗಳು. ನಿವೃತ್ತರಾದ ಮೇಲೆ ಅಡ್ಯಾರಿನಲ್ಲಿ ನೆಲಸಿದರು. ಆನಿ ಬೆಸೆಂಟರ ನೆರಳಿನಲ್ಲಿ ಬೆಳೆದ ಹುಡುಗಿ 1920ರಲ್ಲಿ ಬೊಂಬಾಯಿಯಲ್ಲಿ ಡಾಕ್ಟರ್ ಜಾರ್ಜ್ ಅರುಂಡೇಲರನ್ನು ವಿವಾಹವಾದಳು. ವಧುವಿಗೆ ಹದಿನಾರು ವಯಸ್ಸು, ವರನಿಗೆ ನಲವತ್ತು ದಾಟಿತ್ತು, ಅದರ ಮೇಲೆ ಆತ ಆಂಗ್ಲ! ಮದರಾಸಿನ ಬ್ರಾಹ್ಮಣ ಸಮಾಜವು ಎಷ್ಟು ಕುಪಿತವಾಯಿತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಸಮಾಜದ ಕೋಪವನ್ನು ತಾಳಿಕೊಳ್ಳುವ ಪಾಠವನ್ನು ರುಕ್ಮಿಣೀದೇವಿಯವರು ನಾಟ್ಯಕ್ಕಿಂತ ಮೊದಲೇ ಕಲಿತಿದ್ದರು.

ಪತಿಯೊಡನೆ ದೇಶದೇಶ ಸಂಚರಿಸುವಾಗ, ಆಸ್ಟ್ರೇಲಿಯಕ್ಕೆ ಹೋಗುವ ಹಡಗಿನಲ್ಲಿ ರಷ್ಯದ ಪ್ರಖ್ಯಾತ ನರ್ತಕಿ ಅನ್ನಾ ಪಾವ್ಲೋವಾ ಅವರ ಸ್ನೇಹ ಬೆಳೆಯಿತು. ಆಕೆಯ ತಂಡದವರಿಂದ ಬ್ಯಾಲೆಯನ್ನೂ ಕಲಿತರು. ತನ್ನ ನಾಡಿನ ನೃತ್ಯವನ್ನು ಹುಡುಕಿಕೋ ಎಂದು ದಾರಿ ತೋರಿದವಳು ಪಾವ್ಲೋವಾಳೇ. ಮನೆಯಂಗಳದ ನಿಧಿಯನ್ನು ಪರದೇಶದವಳು ತೋರಿಸಬೇಕಾಯಿತು.

ಹುಡುಕಾಟವು ಅವರನ್ನು ಮೈಲಾಪುರದ ಗೌರಿ ಅಮ್ಮಾಳರ ಬಳಿಗೆ ಕರೆದೊಯ್ದಿತು. ಗೌರಿ ಅಮ್ಮಾಳ್ ಕಪಾಲೀಶ್ವರನ ಗುಡಿಯಲ್ಲಿ ಸೇವೆ ಸಲ್ಲಿಸಿದ್ದ ದೇವದಾಸಿ, ಅಭಿನಯದಲ್ಲಿ ನಿಷ್ಣಾತೆ. ಬಳಿಕ ಪಂದನಲ್ಲೂರಿನ ನಟ್ಟುವನಾರ್ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಠಿಣ ಅಭ್ಯಾಸ ನಡೆಯಿತು. ಮೂವತ್ತರ ಅಂಚಿನ ವಿವಾಹಿತ ಸ್ತ್ರೀಯೊಬ್ಬಳು ಎಳೆಯ ಹುಡುಗಿಯರು ಕಲಿಯುವ ಅಡವುಗಳನ್ನು ಮೊದಲಿನಿಂದ ಕಲಿಯುವುದು ಸುಲಭದ ಮಾತಲ್ಲ.

1935ರ ಡಿಸೆಂಬರಿನಲ್ಲಿ ಥಿಯಾಸಫಿಕಲ್ ಸೊಸೈಟಿಯ ವಜ್ರಮಹೋತ್ಸವ ಸಮ್ಮೇಳನ ಕೂಡಿತು. ಅರುಂಡೇಲರು ಆಗ ಸೊಸೈಟಿಯ ಅಧ್ಯಕ್ಷರು. ಅಧ್ಯಕ್ಷರ ಪತ್ನಿ, ಬ್ರಾಹ್ಮಣ ಕುಲದ ಗೃಹಿಣಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಅಡ್ಯಾರಿನ ತೋಪಿನ ಬಯಲು ರಂಗಕ್ಕೆ ಬಂದರು. ವಿಶ್ವವಿಖ್ಯಾತವಾದ ದೊಡ್ಡ ಆಲದ ಮರವಿರುವುದು ಇದೇ ತೋಪಿನಲ್ಲಿ. ಕುಲಸ್ತ್ರೀಯರು ಸದಿರ್ ನೋಡುವುದಕ್ಕೂ ಹಿಂಜರಿಯುತ್ತಿದ್ದ ದಿನಗಳವು. ನೋಡಲು ಬಂದವರಲ್ಲಿ ಮೂಗು ಮುರಿಯಲೆಂದೇ ಬಂದವರಿಗೂ ಕೊರತೆಯಿರಲಿಲ್ಲ. ಆದರೂ ಅಂದಿನ ನಾಟ್ಯದ ಅನಂತರ ಗೌರವಸ್ಥರ ಮನೆಯ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು.

ಮರುವರ್ಷದ ಆರಂಭದಲ್ಲಿ ಅವರ ಕಲಾಶಾಲೆ ಹುಟ್ಟಿತು. ಕಲಾಕ್ಷೇತ್ರವೆಂಬ ಹೆಸರು ಆಮೇಲಿನದು. ಕಟ್ಟಡವಿರಲಿಲ್ಲ, ಇದ್ದುದು ಒಂದು ಮರ, ಒಬ್ಬಳು ಶಿಷ್ಯೆ. ಆ ಶಿಷ್ಯೆ ಅವರ ಅಣ್ಣ ಶ್ರೀರಾಮರ ಮಗಳು ರಾಧಾ. ಬಳಿಕ ಎದ್ದವು ಗರಿಯ ಗುಡಿಸಲುಗಳು. ಮರದ ಬುಡದಲ್ಲಿ ತಟ್ಟುಕೋಲಿನ ನಾದ, ತಲೆಯ ಮೇಲೆ ಕಾಗೆ ಅಳಿಲುಗಳ ಸದ್ದು. ಪ್ರಕೃತಿಯೂ ಗುರುವೇ ಎಂಬುದು ಅವರ ನಿಲುವಾಗಿತ್ತು.

ಆದರೆ ಬೀದಿಯಿಂದ ತೋಪಿಗೆ ಬಂದ ನಾಟ್ಯ ಹಾಗೆಯೇ ಉಳಿಯಲಿಲ್ಲ. ನರ್ತಕಿಯ ಹಿಂದೆ ನಿಂತು ಅವಳೊಡನೆ ಚಲಿಸುತ್ತಿದ್ದ ಮೇಳದವರನ್ನು ರುಕ್ಮಿಣೀದೇವಿಯವರು ರಂಗದ ಒಂದು ಪಕ್ಕದಲ್ಲಿ ಕೂರಿಸಿದರು. ಉಡುಗೆತೊಡುಗೆಗಳನ್ನು ದೇವಾಲಯದ ಶಿಲ್ಪಗಳನ್ನು ನೋಡಿ ರೂಪಿಸಿದರು. ಮಿತಿಮೀರಿದ ಶೃಂಗಾರವೆಂದು ತೋರಿದ್ದನ್ನು ಕೈಬಿಟ್ಟರು. ದೇವದಾಸಿ ಪರಂಪರೆಯಲ್ಲೇ ಹುಟ್ಟಿದ ಬಾಲಸರಸ್ವತಿಯವರು ಇದನ್ನು ಒಪ್ಪಲಿಲ್ಲ. ಶೃಂಗಾರವೇ ಈ ನಾಟ್ಯದ ಪರಮರಸ, ಅದನ್ನು ತೊಳೆದು ಶುದ್ಧಿಮಾಡುವ ಅಗತ್ಯವಿಲ್ಲ ಎಂಬುದು ಅವರ ದೃಢವಾದ ಮತ. ಈ ವಾದದಲ್ಲಿ ಬಾಲಸರಸ್ವತಿಯವರ ಕಡೆಗೇ ಹೆಚ್ಚು ತೂಕವಿದೆಯೆಂದು ನಮಗೆ ತೋರುತ್ತದೆ. ಸಾವಿರಾರು ಮನೆಗಳ ಹುಡುಗಿಯರು ಗೆಜ್ಜೆ ಕಟ್ಟಿದರು, ನಿಜ. ಆದರೆ ಗೌರಿ ಅಮ್ಮಾಳರಂತಹವರ ಕುಲದ ಹುಡುಗಿಯರಿಗೆ ಆ ರಂಗದಲ್ಲಿ ಸ್ಥಳ ವಿರಳವಾಯಿತು.

1944ರಲ್ಲಿ ಕುತ್ತಾಲ ಕುರವಂಜಿಯನ್ನು ನೃತ್ಯನಾಟಕವಾಗಿ ರಂಗಕ್ಕೆ ತಂದರು. ಬೆಟ್ಟದ ಕೊರವಂಜಿಯೊಬ್ಬಳು ತನ್ನ ಗಿರಿಯನ್ನೂ ಜಲಪಾತವನ್ನೂ ಹೊಗಳುವ ಆ ಕಥೆ ಅವರ ಮನೋಧರ್ಮಕ್ಕೆ ಒಪ್ಪುವಂತಹುದು. ಮರುವರ್ಷ ಅರುಂಡೇಲರು ತೀರಿಕೊಂಡರು. ಕಾಲಕ್ರಮದಲ್ಲಿ ಕಲಾಕ್ಷೇತ್ರವು ಅಡ್ಯಾರಿನ ತೋಪನ್ನು ಬಿಡಬೇಕಾಯಿತು.

ಇಲ್ಲಿ ಕನ್ನಡಿಗರು ನೆನೆಯಬೇಕಾದ ಹೆಸರು ಮೈಸೂರು ವಾಸುದೇವಾಚಾರ್ಯರದು. ಎಂಬತ್ತರ ಗಡಿ ದಾಟಿದ್ದ ಆಸ್ಥಾನವಿದ್ವಾಂಸರನ್ನು ರುಕ್ಮಿಣೀದೇವಿಯವರು ಮೈಸೂರಿನಿಂದ ಕರೆತಂದು ಗುರುಪೀಠದಲ್ಲಿ ಕೂರಿಸಿದರು. ವಾಲ್ಮೀಕಿ ರಾಮಾಯಣದ ನೃತ್ಯನಾಟಕಮಾಲೆಗೆ ರಾಗ ಸಂಯೋಜಿಸಿದವರು ಆಚಾರ್ಯರು. ಮೊದಲನೆಯ ಸೀತಾಸ್ವಯಂವರಂ 1955ರಲ್ಲಿ ಪ್ರದರ್ಶಿತವಾಯಿತು. 1961ರಲ್ಲಿ ಅವರು ದಿವಂಗತರಾದ ಮೇಲೆ ಮೊಮ್ಮಗ ಎಸ್. ರಾಜಾರಾಂ ಅವರು ಉಳಿದುದನ್ನು ಪೂರೈಸಿದರು. 1970ರಲ್ಲಿ ಮಹಾಪಟ್ಟಾಭಿಷೇಕದೊಡನೆ ಮಾಲೆ ಮುಗಿಯಿತು. ಪರಸ್ಥಳದಲ್ಲಿ ನಮ್ಮವರೊಬ್ಬರಿಗೆ ದೊರೆತ ಇಂತಹ ಮನ್ನಣೆ ಸಾಮಾನ್ಯವಲ್ಲ.

ರಾಜ್ಯಸಭೆಗೆ 1952ರಲ್ಲಿ ನಾಮಕರಣಗೊಂಡ ಅವರು ಮೂಕಪ್ರಾಣಿಗಳ ಪರವಾಗಿ ಮಸೂದೆ ತಂದರು. ಅದರ ಫಲವೇ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆ. 1977ರಲ್ಲಿ ಮೊರಾರ್ಜಿ ದೇಸಾಯಿಯವರು ರಾಷ್ಟ್ರಪತಿ ಪದವಿಯ ಪ್ರಸ್ತಾಪ ಮಾಡಿದಾಗ ಒಲ್ಲೆನೆಂದರು.

1960ರ ದಶಕದ ಆರಂಭದಲ್ಲಿ ಸಂಸ್ಥೆಯು ತಿರುವಾನ್ಮಿಯೂರಿನ ಸುಮಾರು 100 ಎಕರೆ ನೆಲಕ್ಕೆ ಬಂದಾಗ ಅಲ್ಲಿದ್ದುದು ಕಡಲತಡಿಯ ಬರಿಯ ಮರಳು. ಎರಡನೆಯ ಸಲ ಮರದಿಂದಲೇ ಆರಂಭಿಸಬೇಕಾಯಿತು. ಈ ಸಲ ಮರವನ್ನೂ ನೆಡಬೇಕಾಗಿತ್ತು. ಸಸಿಗಳು ಬೇರೂರಿ ತೋಪಾದುದನ್ನು ಅವರು ಕಣ್ಣಾರೆ ಕಂಡರು. 1986ರ ಫೆಬ್ರವರಿ 24ರಂದು ಅವರು ಕಾಲವಾದರು. ಕಲಾಕ್ಷೇತ್ರದ ವಿದ್ಯಾರ್ಥಿಗಳು ಬೆಳಗಿನ ಪ್ರಾರ್ಥನೆಗೆ ಸೇರುವುದು ಅಲ್ಲಿನ ಆಲದ ಮರದ ಕೆಳಗೆ.