ಜಯಪುರದ ಶ್ರೀ ಸವಾಯಿ ಮಾಧವಸಿಂಹ ಮಹಾರಾಜರೂ ಅವರ ರಜತಪಾತ್ರೆಗಳೂ

ಸಂಪತ್ತು ಯಾರ ಬಳಿಯಲ್ಲಿಯೂ ಶಾಶ್ವತವಾಗಿ ನಿಲ್ಲತಕ್ಕದ್ದಲ್ಲ. ಅದು ಯಾವ ಕಾರ್ಯಕ್ಕೆ ವಿನಿಯೋಗವಾಯಿತೆಂಬ ಕೀರ್ತಿಯೊಂದೇ ನಿಲ್ಲುವುದು. ಶ್ರೀಮಠದ ರಜತಮಹೋತ್ಸವದ ಈ ಶುಭಸಮಯದಲ್ಲಿ, ಬೆಳ್ಳಿಯನ್ನು ತಮ್ಮ ವ್ರತರಕ್ಷಣೆಗಾಗಿ ಬಳಸಿದ ಓರ್ವ ಅರಸರ ಚರಿತ್ರೆಯನ್ನು ಸದ್ಭಕ್ತರ ಮುಂದಿಡುವುದು ಅನುಚಿತವಾಗಲಾರದು. ಅವರೇ ರಾಜಪುತಸ್ಥಾನದ ಜಯಪುರವನ್ನಾಳಿದ ಎರಡನೆಯ ಸವಾಯಿ ಮಾಧವಸಿಂಹ ಮಹಾರಾಜರು.

ಮಾಧವಸಿಂಹರು 1862ನೆಯ ಇಸವಿಯಲ್ಲಿ ಈಸರದಾ ಎಂಬ ಜಹಗೀರಿನ ಮನೆತನದಲ್ಲಿ ಜನಿಸಿದರು. ಆಗ ಅವರ ಹೆಸರು ಕಾಯಮಸಿಂಹ. ಹುಟ್ಟಿನಿಂದ ಅವರು ಸಿಂಹಾಸನಕ್ಕೆ ಬಾಧ್ಯರಲ್ಲ; ತಾರುಣ್ಯದ ಆರಂಭದಲ್ಲಿ ಕಷ್ಟವನ್ನೇ ಹೆಚ್ಚಾಗಿ ಕಂಡವರು. ಸಂತಾನವಿಲ್ಲದಿದ್ದ ಎರಡನೆಯ ರಾಮಸಿಂಹ ಮಹಾರಾಜರು 1880ರಲ್ಲಿ ತಮ್ಮ ಅಂತ್ಯಕಾಲದಲ್ಲಿ ಈ ತರುಣನನ್ನು ದತ್ತು ಸ್ವೀಕರಿಸಿದುದರಿಂದ, ಹದಿನೆಂಟನೆಯ ವಯಸ್ಸಿನಲ್ಲಿ ಅವರು ಮಾಧವಸಿಂಹರೆಂಬ ನಾಮದಿಂದ ಪಟ್ಟವೇರಿದರು. ಅವರ ಆಳಿಕೆಯಲ್ಲಿಯೇ, 1887ರಲ್ಲಿ, ಜಯಪುರದ ಪ್ರಸಿದ್ಧ ವಸ್ತುಸಂಗ್ರಹಾಲಯವು ಪ್ರಜೆಗಳಿಗೆ ತೆರೆಯಲ್ಪಟ್ಟಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಗೋವಿಂದರಾಮ, ಮಾಧವ ಎಂಬ ಅಕ್ಕಸಾಲಿಗರು ಮಹಾರಾಜರಿಗಾಗಿ ಬೃಹತ್ತಾದ ಬೆಳ್ಳಿಯ ಕೊಡಗಳನ್ನು ನಿರ್ಮಿಸಿದರು. ಬೊಕ್ಕಸದ 14,000 ನಾಣ್ಯಗಳನ್ನು ಕರಗಿಸಿ, ಎಲ್ಲಿಯೂ ಬೆಸುಗೆಯಿಲ್ಲದೆ ಬಡಿದು ರೂಪಿಸಿದರೆಂಬುದು ಅರಮನೆಯ ಹೇಳಿಕೆ. ಒಂದೊಂದರ ಎತ್ತರ ಸುಮಾರು 1.6 ಮೀಟರು, ಎಂದರೆ ಆಳುದ್ದಕ್ಕೆ ಅಲ್ಪವೇ ಕಡಿಮೆ. ಗಂಗಾಜಲವನ್ನು ತುಂಬುವ ಪಾತ್ರೆಗಳಾದುದರಿಂದ ಇವುಗಳಿಗೆ ಗಂಗಾಜಲೀ ಎಂದು ಹೆಸರಾಯಿತು.

ಈ ಪಾತ್ರೆಗಳ ಪ್ರಯೋಜನವು ಲೋಕಕ್ಕೆ ತಿಳಿದುದು 1902ರಲ್ಲಿ. ಏಳನೆಯ ಎಡ್ವರ್ಡ್ ಚಕ್ರವರ್ತಿಗಳ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಬರಬೇಕೆಂದು ಮಹಾರಾಜರಿಗೆ ಆಮಂತ್ರಣವು ಬಂದಿತು. ಹೋಗದಿದ್ದರೆ ಸಾಮ್ರಾಟರಿಗೆ ಅವಿಧೇಯತೆ. ಹೋದರೆ ಸಮುದ್ರಯಾನದಿಂದ ಆಚಾರಭಂಗವೆಂಬ ಅಂದಿನ ಜನರ ನಂಬುಗೆ. ಈ ಸಂಕಟದಲ್ಲಿ ಅವರು ಎರಡನ್ನೂ ಬಿಡದ ಮಾರ್ಗವನ್ನು ಹಿಡಿದರು. ಒಲಿಂಪಿಯಾ ಎಂಬ ಹೊಸ ಹಡಗನ್ನೇ ಬಾಡಿಗೆಗೆ ಪಡೆದು, ಅದನ್ನು ಶುದ್ಧಿಗೊಳಿಸಿ, ಶ್ರೀ ಗೋಪಾಲಜೀ ವಿಗ್ರಹವನ್ನು ಮುಂದಿಟ್ಟುಕೊಂಡು, ನೂರಕ್ಕೂ ಮೀರಿದ ಪರಿವಾರದೊಡನೆ ಮುಂಬಯಿಯಿಂದ ಹೊರಟರು. ಕುಡಿಯುವುದಕ್ಕೂ ಪೂಜೆಗೂ ಗಂಗಾಜಲವು ಆ ಬೆಳ್ಳಿಯ ಕೊಡಗಳಲ್ಲಿ ಜೊತೆಗೆ ಬಂದಿತು. ಜೂನ್ 26ಕ್ಕೆ ಗೊತ್ತಾಗಿದ್ದ ಪಟ್ಟಾಭಿಷೇಕವು ಚಕ್ರವರ್ತಿಗಳ ಅಸ್ವಸ್ಥತೆಯಿಂದ ಮುಂದೆ ಹೋಗಿ, ಆಗಸ್ಟ್ 9ರಂದು ನಡೆಯಿತು. ಪರದೇಶವಾಸವು ಹೀಗೆ ದೀರ್ಘವಾದರೂ ಅವರು ತಮ್ಮ ನೇಮವನ್ನು ಸಡಿಲಿಸಲಿಲ್ಲ.

ಇದೆಲ್ಲವೂ ಅರಸರ ಆಡಂಬರವಲ್ಲವೆ ಎಂದು ವಿಚಾರವಂತರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ಏಕೆಂದರೆ ಆ ಪಾತ್ರೆಗಳಾದ ಕೆಲವೇ ವರ್ಷಗಳಲ್ಲಿ, 1899-1900ರಲ್ಲಿ, ಛಪ್ಪನಿಯಾ ಎಂದು ಇಂದಿಗೂ ನೆನೆಯಲ್ಪಡುವ ಘೋರಕ್ಷಾಮವು ರಾಜಪುತಸ್ಥಾನವನ್ನು ಸುಟ್ಟಿತು. ಅಸಂಖ್ಯಾತ ಜನರೂ ದನಗಳೂ ಮಡಿದರು. ಆಗ ಬೊಕ್ಕಸದ ಬೆಳ್ಳಿಯು ಕೊಡಗಳಲ್ಲಿಯೇ ಹೆಪ್ಪುಗಟ್ಟಿ ಉಳಿದಿದ್ದರೆ ಈ ಚರಿತ್ರೆಯು ನಮಗೆ ಬೇಕಾಗಿರಲಿಲ್ಲ. ಆದರೆ ಮಹಾರಾಜರು 1900ರಲ್ಲಿ, ಜಯಪುರಕ್ಕೆ ಮಾತ್ರವಲ್ಲದೆ ಸಮಸ್ತ ಭರತಖಂಡದ ಕ್ಷಾಮಪೀಡಿತರಿಗೆ ನೆರವಾಗಲೆಂದು, ಹದಿನೈದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಮೂಲಧನವನ್ನಿತ್ತು ಒಂದು ಶಾಶ್ವತ ಕ್ಷಾಮನಿಧಿಯನ್ನು ಸ್ಥಾಪಿಸಿದರು. ಕೊಡಗಳ ಬೆಳ್ಳಿಯು ಒಬ್ಬರ ವ್ರತವನ್ನು ಕಾಯಿತು. ನಿಧಿಯ ಬೆಳ್ಳಿಯು ಹಸಿದವರಿಗೆ ಅನ್ನವಾಯಿತು. ಎರಡನ್ನೂ ತೂಗಿದರೆ ತಕ್ಕಡಿಯು ಯಾವ ಕಡೆಗೆ ಬಾಗುವುದೆಂಬುದನ್ನು ದಾಸೋಹಧರ್ಮವನ್ನರಿತವರಿಗೆ ಹೇಳಬೇಕಾದುದಿಲ್ಲ.

ಮುಂದೆ, ಹರಿದ್ವಾರದಲ್ಲಿ ಗಂಗೆಯ ಪ್ರವಾಹವನ್ನು ಕಟ್ಟೆಯಿಂದ ತಡೆಯಬಾರದೆಂದು ಪಂಡಿತ ಮದನಮೋಹನ ಮಾಲವೀಯರು ಹೋರಾಡಿದಾಗ, 1916ರ ಡಿಸೆಂಬರಿನಲ್ಲಿ ಸರಕಾರದೊಡನೆ ನಡೆದ ಸಭೆಯಲ್ಲಿ ಮಹಾರಾಜರೂ ಭಾಗಿಗಳಾಗಿದ್ದರು. ಬೃಂದಾವನದಲ್ಲಿ ಅವರು ಕಟ್ಟಿಸಿದ ಮಂದಿರವು 1917ರಲ್ಲಿ ಪೂರ್ಣವಾಯಿತು. ಅವರೂ ದತ್ತುಪುತ್ರನಿಗೆ ರಾಜ್ಯವನ್ನು ಬಿಟ್ಟು 1922ರ ಸೆಪ್ಟೆಂಬರಿನಲ್ಲಿ ಕಾಲವಾದರು. ಅವರ ಪಾತ್ರೆಗಳೆರಡು ಜಯಪುರದ ಅರಮನೆಯ ಸರ್ವತೋಭದ್ರ ಮಂಟಪದಲ್ಲಿ ಇಂದಿಗೂ ಇವೆ. ಜಗತ್ತಿನ ಅತಿದೊಡ್ಡ ಬೆಳ್ಳಿಯ ಪಾತ್ರೆಗಳೆಂದು ಗಿನ್ನೆಸ್ ಗ್ರಂಥವು ಅವನ್ನು ದಾಖಲಿಸಿದೆ.

ವೀರಶೈವರಾದ ನಮಗೆ ಪಾವನತೆಯು ಒಂದು ನದಿಯ ನೀರಿನಲ್ಲಿ ಅಡಗಿದುದಲ್ಲ. ಗುರುಕರುಣೆಯಿಂದ ದೊರೆತ ಪಾದೋದಕವೇ ನಮಗೆ ಪರಮತೀರ್ಥ. ಸಮುದ್ರವನ್ನು ದಾಟಿದರೂ ಕರಸ್ಥಲದ ಇಷ್ಟಲಿಂಗವು ನಮ್ಮನ್ನು ಅಗಲತಕ್ಕದ್ದಲ್ಲ. ಅದಕ್ಕೆ ಹಡಗೂ ಬೇಡ, ಬೆಳ್ಳಿಯ ಕೊಡವೂ ಬೇಡ. ಹೀಗಿದ್ದರೂ ಊರು ಬದಲಾದೊಡನೆ ಲಿಂಗಪೂಜೆಯ ಹೊತ್ತನ್ನು ಮರೆಯುವವರು ನಮ್ಮಲ್ಲಿ ಇಲ್ಲವೆ? ಸಾವಿರಾರು ಹರದಾರಿ ಹೋದರೂ ತನ್ನ ನೇಮವನ್ನು ಬಿಡದ ಆ ಅರಸರ ನಿಷ್ಠೆಯನ್ನೂ, ಕ್ಷಾಮಕಾಲದಲ್ಲಿ ತೆರೆದ ಅವರ ಕೈಯನ್ನೂ ಶಿವಭಕ್ತರು ನೆನೆದು, ತಮ್ಮ ನೇಮ ದಾಸೋಹಗಳಲ್ಲಿ ದೃಢರಾಗಲಿ.